ಬಶಿಯಲ್ಲಿ ಎಣ್ಣೆ ನೋಡುತ್ತಿದ್ದವರು

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿಕೊಟ್ಟಿದ್ದರು. ಸಿಟ್ಟು ಬಂದರೆ ಮೊಣಕಾಲೂರಿ ಪ್ರೇಯರ್ ಮಾಡಬೇಕಂತೆ. ನನಗೀಗ ಎಪ್ಪತ್ತೆರಡು. ಎಡಗಾಲಿನ ಮೊಣಕಾಲು ಊರಲು ಬರುವುದಿಲ್ಲ. ಹಾಗಾಗಿ ಸಿಟ್ಟು ಇದ್ದಲ್ಲೇ ಇದೆ.

ಶಹಾಪುರದ ಮಿಸ್ತ್ರಿ ತೀರಿಕೊಂಡು ಒಂದು ತಿಂಗಳಾಯಿತು. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರೇ ಅಂಗಡಿಯ ಮೇಲೆ ಹೆಸರು ಬರೆಸಿರಲಿಲ್ಲ. ಬೋರ್ಡೇ ಇರಲಿಲ್ಲ. ಸುರಪುರದ ಕಡೆ ಹೊರಳುವ ರಸ್ತೆಯಲ್ಲಿ ಒಂದು ಪಂಕ್ಚರ್ ಅಂಗಡಿ, ಒಂದು ಚಹಾದ ಹೋಟೆಲು, ಎರಡರ ನಡುವೆ ತಗಡಿನ ಶೆಡ್. ಶೆಡ್ಡಿನೊಳಗೆ, ಮೇಲೆ ಕಾರು ನಿಲ್ಲಿಸಿ ಕೆಳಗಿಳಿದು ಕೆಲಸ ಮಾಡಲು ತೋಡಿದ ಗುಂಡಿ. ಆ ಗುಂಡಿಯಿಂದ ಒಂದು ಬೋಳುತಲೆ ಮೇಲೆ ಬಂತೆಂದರೆ ಅಂಗಡಿ ತೆರೆದಿದೆ ಎಂದು ತಿಳಿಯಬೇಕು.

ನಾನು ಯಾದಗಿರಿಯವಳು. ತಂದೆ ರೈಲ್ವೆಯಲ್ಲಿದ್ದರು, ಪಾಸ್ ಸಿಗುತ್ತಿತ್ತು, ನನ್ನನ್ನು ಸಿಕಂದರಾಬಾದಿನ ಕಾನ್ವೆಂಟಿಗೆ ಹಾಕಿದರು. ಮುಂದೆ ಮೂವತ್ತಾರು ವರ್ಷ ಇಂಗ್ಲಿಷ್ ಕಲಿಸಿದೆ. ರಿಟೈರ್ ಆದ ಮೇಲೆ ಗುರುವಾರ ಮತ್ತು ಶನಿವಾರ ಸುರಪುರದ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಯಾರೂ ಕರೆದದ್ದಲ್ಲ, ನಾನೇ ಹೋಗಿ ವಾರ್ಡನ್ ಎದುರು ಕುಳಿತು ಶುರು ಮಾಡಿಸಿದ್ದು. ವಾರದ ಉಳಿದ ಐದು ದಿನ ನಾನು ಏನು ಮಾಡುತ್ತೇನೆ ಎಂದು ಕೇಳಬೇಡಿ. ಕಾಯುತ್ತೇನೆ.

ಬಸ್ಸು ಹತ್ತಿ ಇಳಿಯಲು ಈ ಮೊಣಕಾಲು ಒಪ್ಪುವುದಿಲ್ಲ, ಕ್ಲಚ್ ತುಳಿಯಲೂ ಒಪ್ಪುವುದಿಲ್ಲ. ಅದಕ್ಕೇ ಆಟೊಮ್ಯಾಟಿಕ್ ಕಾರು. ಕಲಬುರಗಿಯ ಡಾಕ್ಟರೊಬ್ಬರು ಎಂಟು ವರ್ಷ ಓಡಿಸಿದ್ದನ್ನು ಕೊಂಡೆ. ಅದರಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ. ಮುಂದಕ್ಕೋ ಹಿಂದಕ್ಕೋ ಎಂದು ಕೈಯಿಂದ ಒಮ್ಮೆ ಗೇರ್ ಹಾಕಿದರೆ ಸಾಕು, ಉಳಿದದ್ದು ತಾನೇ ಬದಲಾಗುತ್ತದೆ, ಬದಲಾಗುವುದಕ್ಕೆ ಒಳಗೊಂದು ಕೆಂಪು ಎಣ್ಣೆ ಇರುತ್ತದೆ. ಆ ಗೇರ್‌ಬಾಕ್ಸ್ ಕೆಟ್ಟಿತೆಂದರೆ ಹೊಸದು ಹಾಕಿಸುವ ಶಕ್ತಿ ನನ್ನ ಪೆನ್ಷನ್ನಿಗೆ ಇಲ್ಲ. ಕಾರು ನಿಂತರೆ ಕ್ಲಾಸೂ ನಿಂತಿತು. ಇಷ್ಟು ಗೊತ್ತಿದ್ದರೆ ನನ್ನ ಸಿಟ್ಟು ಯಾರಿಗಾದರೂ ಅರ್ಥವಾಗುತ್ತದೆ.

ಒಂದು ಗುರುವಾರ ಭೀಮಾ ಸೇತುವೆ ದಾಟಿದ ಮೇಲೆ ಕಾರು ಗೇರ್ ಬದಲಿಸಿದಾಗಲೆಲ್ಲ ಹಿಂದಿನಿಂದ ಯಾರೋ ನೂಕಿದ ಹಾಗೆ ಧಕ್ಕೆ ಕೊಡತೊಡಗಿತು. ಶಹಾಪುರದಲ್ಲಿ ನಿಲ್ಲಿಸಿ ಪಂಕ್ಚರ್ ಅಂಗಡಿಯ ಚಾಚಾನನ್ನು ವಿಚಾರಿಸಿದೆ.

"ಆಟೊಮ್ಯಾಟಿಕ್ ಅಂದ್ರ ಬಾಜೂಕ ಹೋಗ್ರಿ ಆಪಾ. ಆದ್ರ ಜಲ್ದಿ ಅದ ಅಂತ ಮಾತ್ರ ಅನಬ್ಯಾಡ್ರಿ."

"ಯಾಕೆ?"

"ಜಲ್ದಿ ಅಂದ್ರ ಆತನ ಕಿವಿ ಕೇಳಸಂಗಿಲ್ಲ."

ಮಿಸ್ತ್ರಿ ಗುಂಡಿಯಿಂದ ಮೇಲೆ ಬಂದರು. ಬಾನೆಟ್ ಎತ್ತಲಿಲ್ಲ. ಕೈ ಒರೆಸಿಕೊಂಡು ಎಡಗಡೆಯ ಸೀಟಿನಲ್ಲಿ ಕುಳಿತು, "ನಡೀರಿ ಅಕ್ಕೋರ," ಎಂದರು. ನಮ್ಮ ಕಡೆ ಶಾಲೆಯ ಟೀಚರನ್ನು ಹಳ್ಳಿಯವರು ಅಕ್ಕೋರು ಎನ್ನುತ್ತಾರೆ. ನನಗೆ ಜೀವನವಿಡೀ 'ಮಿಸ್' ಅಭ್ಯಾಸ.

"ನಾನು ಟೀಚರ್ ಅಂತ ಯಾರು ಹೇಳಿದರು ನಿಮಗೆ?"

"ಗಾಡಿ ನಿಲ್ಲಿಸಿ ಮೊದ್ಲ ಗಡಿಯಾರ ನೋಡಿದ್ರಿ."

ಅರ್ಧ ಮೈಲು ಹೋಗಿ ಬಂದೆವು. ಅಷ್ಟೂ ಹೊತ್ತು ಅವರು ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆ ಹೋದರೇನೋ ಎಂದುಕೊಂಡೆ. ವಾಪಸು ಬಂದು ಎಂಜಿನ್ ಆಫ್ ಮಾಡಲು ಕೈ ಹಾಕಿದರೆ, "ಚಾಲೂ ಇರ್ಲಿ," ಎಂದು ಇಳಿದು, ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು, ಅದರ ತುದಿಯ ಎಣ್ಣೆಯನ್ನು ಚಹಾದ ಕಪ್ಪಿನ ಕೆಳಗಿಡುವ ಒಂದು ಬಿಳಿ ಬಶಿಗೆ ಇಳಿಸಿದರು. ಬಶಿಯನ್ನು ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸಿದರು. ಮೂಸಿದರು. ಆಮೇಲೆ ಬಶಿಯನ್ನು ನನ್ನ ಮೂಗಿನ ಹತ್ತಿರ ತಂದರು. ಐ ವಾಸ್ ಶಾಕ್ಡ್. ನನಗೆ ಪರಿಚಯವಿಲ್ಲದ ಒಬ್ಬ ಗಂಡಸು ನನ್ನ ಮೂಗಿಗೆ ಎಣ್ಣೆಯ ಬಶಿ ಹಿಡಿದಿದ್ದಾನೆ.

"ರೊಟ್ಟಿ ಹೊತ್ತಿದ ವಾಸನಿ ಬರ್ತದಲ್ರಿ?"

ಬರುತ್ತಿತ್ತು. ಬಣ್ಣವೂ ಕಷಾಯದ ಹಾಗೆ. ಪಕ್ಕದಲ್ಲಿ ಹೊಸ ಎಣ್ಣೆಯ ಹನಿ ಬಿಟ್ಟು ತೋರಿಸಿದರು, ಗುಲಾಬಿ ಶರಬತ್ತಿನ ಕೆಂಪು. ಎಂಟು ವರ್ಷದಲ್ಲಿ ಒಮ್ಮೆಯೂ ಬದಲಿಸಿರಲಿಲ್ಲ. ಇದು ಬದಲಿಸಬೇಕಾದದ್ದೇ ಅಲ್ಲ ಎಂದು ಡಾಕ್ಟರಿಗೆ ಯಾರೋ ಹೇಳಿದ್ದರಂತೆ.

"ಎಲ್ಲ ತೆಗೆದು ಹೊಸದು ಹಾಕಿ. ನಾನು ಚಹಾ ಕುಡಿದು ಬರುತ್ತೇನೆ," ಎಂದೆ.

"ಅರ್ಧ ತೆಗೀತೀನ್ರಿ."

"ಬರೀ ಅರ್ಧವೇ? ಪೂರ್ತಿ ದುಡ್ಡು ಕೊಡುತ್ತೇನಲ್ಲ."

"ಅರ್ಧ ಇರ್ಲಿ. ಒಂದ್ ತಿಂಗಳ ಓಡಸ್ರಿ. ಮತ್ತ ಬರ್ರಿ, ಮತ್ತರ್ಧ ತೆಗೀತೀನಿ. ಹಿಂಗ ಮೂರ ಸಲ."

"ಮೂರು ಸಲ ಅಂದರೆ ಯಾವಾಗ ಮುಗಿಯುತ್ತದೆ ಇದು?"

ಅವರ ಕಿವಿ ಕೇಳಿಸಲಿಲ್ಲ. ಗುಂಡಿಗೆ ಇಳಿದುಬಿಟ್ಟರು.

ಚಹಾದ ಹೋಟೆಲಿನವನು ಬಂದು ಗುಂಡಿಯ ಬಾಯಿಗೆ ಬಗ್ಗಿ ಜಗಳ ತೆಗೆದ. "ಮತ್ತ ನನ್ನ ಬಶಿ ತಂದೇನ್ ಮಾಮಾ? ಈ ತಿಂಗಳ ಇದು ನಾಕನೇದು. ಕಪ್ಪು ಅದಾವ, ಬಶಿ ಇಲ್ಲ. ಮಂದಿ ಕೈಯಾಗ ಹ್ಯಾಂಗ ಕೊಡ್ಲಿ?" ಕೆಳಗಿನಿಂದ ಉತ್ತರ ಬಂತು: "ಸ್ಟೀಲಿನ ತಾಟಿನ್ಯಾಗ ಬಣ್ಣ ಕಾಣಂಗಿಲ್ಲೋ." ಅವನ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಮಿಸ್ತ್ರಿಯ ಉತ್ತರಗಳೆಲ್ಲ ಹೀಗೆಯೇ, ಅವರ ತಲೆಯೊಳಗೆ ನಡೆಯುತ್ತಿದ್ದ ಬೇರೆ ಯಾವುದೋ ಪ್ರಶ್ನೆಗೆ.

ಇನ್ನೊಂದು ದಿನ ನನ್ನ ಎದುರಿಗೇ ಒಬ್ಬ ಕಂಟ್ರಾಕ್ಟರ್ ದೊಡ್ಡ ಗಾಡಿ ತಂದ. ಗೇರ್‌ಬಾಕ್ಸ್ ಬಿಸಿಯಾಗಿ ಕೆಂಪು ದೀಪ ಹತ್ತುತ್ತಿದೆ, ಒಂದು ತಾಸಿನಲ್ಲಿ ಎಣ್ಣೆ ಬದಲಿಸು, ಬೆಂಗಳೂರಿಗೆ ಹೋಗಬೇಕು ಎಂದ. ಮಿಸ್ತ್ರಿ ಬಶಿ ನೋಡಿ, "ಎಣ್ಣಿ ಚಲೋ ಅದ," ಎಂದರು. ಆಮೇಲೆ ಮುಂದಿನ ಜಾಲರಿ ಬಿಚ್ಚಿ, ಎಣ್ಣೆ ತಣಿಸುವ ಸಣ್ಣ ರೇಡಿಯೇಟರಿನ ಸಂದುಗಳಿಂದ ಒಂದು ಹಿಡಿ ಹತ್ತಿಯ ಅರಳೆ ಕಿತ್ತು ತೋರಿಸಿದರು. ಗಾಡಿ ದಿನವೂ ಜಿನ್ನಿಂಗ್ ಮಿಲ್ಲಿನ ಮುಂದೆ ನಿಲ್ಲುತ್ತಿತ್ತಂತೆ, ಗಾಳಿ ಆಡುವ ಜಾಗವೆಲ್ಲ ಹತ್ತಿ ಕುಳಿತು ಮುಚ್ಚಿಹೋಗಿತ್ತು. ಬಕೆಟ್ಟಿನಲ್ಲಿ ನೀರು ತಂದು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಲು ಕುಳಿತರು. ಒಂದು ತಾಸಾಯಿತು. ಎರಡಾಯಿತು.

"ಏ ಮಿಸ್ತ್ರಿ, ಎಣ್ಣಿ ಬದಲಸಾಕ ಬರಂಗಿಲ್ಲ ಅಂತ ಹೇಳಿಬಿಡು ಮತ್ತ," ಎಂದ ಕಂಟ್ರಾಕ್ಟರ್.

"ಬರಂಗಿಲ್ಲ ಅಂತ ತಿಳ್ಕೋರಿ."

"ಗಾಡಿ ತೊಳ್ಯಾಕ ನಮ್ಮನ್ಯಾಗ ಆಳ ಇದ್ದಾರೋ."

"ಅವರು ಮ್ಯಾಲ ತೊಳೀತಾರ್ರಿ."

ಚಾಚಾ ಟೈರಿನ ಟ್ಯೂಬನ್ನು ಬಾಯಿಗೆ ಅಡ್ಡ ಹಿಡಿದು ನಕ್ಕ. ಕಂಟ್ರಾಕ್ಟರ್ ಮತ್ತೆ ಬರಲಿಲ್ಲ. ಆದರೆ ಅವನ ಗಾಡಿಯ ಕೆಂಪು ದೀಪವೂ ಮತ್ತೆ ಹತ್ತಲಿಲ್ಲವೆಂದು ಚಾಚಾನೇ ಹೇಳಿದ.

ಇಷ್ಟು ತಿಳಿದ ಮನುಷ್ಯ ನನಗೆ ಯಾಕೆ ಇಷ್ಟು ಕಾಟ ಕೊಟ್ಟರೋ. ಎರಡನೆಯ ಸಲ ಅರ್ಧ ತೆಗೆದರು. ಧಕ್ಕೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮೂರನೆಯ ಸಲಕ್ಕೆ ಹೋದರೆ ಶೆಡ್ಡಿನ ಬಾಯಿಗೆ ಅಡ್ಡ ಒಂದು ಹಗ್ಗ. ಬೀಗವೂ ಇಲ್ಲ, ಚೀಟಿಯೂ ಇಲ್ಲ.

"ಕುರಿ ಹಿಂದ ಹೋಗ್ಯಾರ್ರಿ," ಎಂದ ಚಾಚಾ.

"ಏನು?"

"ಅವರ ಮನಿಯವರು ಹತ್ತಿಕುಣಿ ಕಡಿ ಕುರಿ ಸಾಕ್ತಾರ. ಭತ್ತ ಕೊಯ್ದ ಮ್ಯಾಲ ಕಾಲುವಿ ಕೆಳಗಿನ ಗದ್ದ್ಯಾಗ ಕುರಿ ನಿಲ್ಲಸ್ತಾರಲ್ರಿ, ಗೊಬ್ಬರಕ್ಕ. ತಮ್ಮಂದಿರು ಇಬ್ಬರಿಗೇ ಆಗಂಗಿಲ್ಲ. ಈತನೂ ಹೋಗ್ತಾನ."

"ಯಾವಾಗ ಬರುತ್ತಾರೆ?"

"ಕುರಿ ಬಂದಾಗ."

ಫೋನ್ ಮಾಡಿದರೆ ಶೆಡ್ಡಿನೊಳಗಿನ ತಗಡಿನ ಡಬ್ಬಿಯಿಂದಲೇ ರಿಂಗ್ ಕೇಳಿಸಿತು. ಅಬ್ಸರ್ಡ್. ಮೂವತ್ತಾರು ವರ್ಷ ನಾನು ಒಂದು ಬೆಲ್ಲಿಗೂ ತಡವಾಗಿ ಹೋದವಳಲ್ಲ. ಎಲ್ಲರ ಕೆಲಸ ಅರ್ಧಕ್ಕೆ ಬಿಟ್ಟು ಕುರಿ ಕಾಯಲು ಹೋಗುವ ಮೆಕ್ಯಾನಿಕ್ಕಿಗೆ ನನ್ನ ಕ್ಲಾಸು, ನನ್ನ ಹುಡುಗಿಯರು, ನನ್ನ ಕಾರು ಎಲ್ಲ ಒಪ್ಪಿಸಿ ಕೂರುವುದು ಹೇಗೆ? ಎರಡು ವಾರ ಕಾದೆ. ಮೂರನೆಯ ವಾರ ಕಲಬುರಗಿಗೆ ಹೋದೆ.

ಅಲ್ಲಿ ಗಾಜಿನ ಬಾಗಿಲಿನ ದೊಡ್ಡ ವರ್ಕ್‌ಶಾಪ್, ಕೂರಲು ಎಸಿ ರೂಮ್. ಕೌಂಟರಿನಲ್ಲಿದ್ದವರು ಗೇರ್‌ಬಾಕ್ಸ್ ತೊಳೆಯುವ ಮಷೀನನ್ನು ತೋರಿಸಿ, ಒತ್ತಡದಿಂದ ಹಳೆಯ ಎಣ್ಣೆಯ ಕೊನೆಯ ಹನಿಯವರೆಗೂ ಹೊರಗೆ ಹಾಕುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. "ಓನ್ಲಿ ಫಾರ್ಟಿ ಮಿನಿಟ್ಸ್, ಮ್ಯಾಮ್." ಅವರ ಗ್ರಾಮರ್ ಸರಿಯಿತ್ತು. ನನಗೆ ಅಷ್ಟೇ ಸಾಕಾಯಿತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ವಾಪಸು ಬರುವಾಗ ಕಾರು ಬೆಣ್ಣೆಯ ಹಾಗೆ ಓಡಿತು. ಸ್ಟಿಯರಿಂಗಿಗೆ ಕೈಯಿಟ್ಟು ಒಬ್ಬಳೇ ನಕ್ಕೆ. ಗುರುವಾರ ಸುರಪುರಕ್ಕೆ ಹೋದೆ. ಹಾಸ್ಟೆಲ್ಲು ಇರುವುದು ಗುಡ್ಡದ ಮೇಲೆ, ಕೊನೆಯ ಏರು ಕಡಿದಾಗಿದೆ. ಅರ್ಧ ಏರಿನಲ್ಲಿ ಎಂಜಿನ್ ಜೋರಾಗಿ ಕೂಗಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಕೂಗು. ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಬ್ರೇಕನ್ನು ಎರಡೂ ಕಾಲಿನಿಂದ ತುಳಿದೆ. ಮೇಲಿನಿಂದ ನೋಡಿದ ಹುಡುಗಿಯರು ಓಡಿ ಬಂದು ಗಾಲಿಗಳ ಹಿಂದೆ ಕಲ್ಲು ಇಟ್ಟರು. ಒಬ್ಬಳು ಕಿಟಕಿಯ ಹತ್ತಿರ ಬಂದು, "ಮಿಸ್, ಡೋಂಟ್ ಫಿಯರ್," ಎಂದಳು. ಬ್ರೇಕಿನ ಮೇಲಿಂದ ಕಾಲು ತೆಗೆಯುವ ಮೊದಲೇ 'ಡೋಂಟ್ ಬಿ ಅಫ್ರೇಡ್' ಎಂದು ತಿದ್ದಲು ನನ್ನ ಬಾಯಿ ತೆರೆದಿತ್ತು.

ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಶಹಾಪುರಕ್ಕೆ ತಂದೆವು. ಹಗ್ಗ ಇನ್ನೂ ಇತ್ತು. ಚಾಚಾ ಹಗ್ಗ ಬಿಚ್ಚಿ ಒಳಗೆ ನೂಕಿಸಿದ. ನಾಲ್ಕನೆಯ ದಿನ, "ಬಂದಾನ್ರಿ," ಎಂದು ಫೋನ್ ಮಾಡಿದ. ಹೋಗಿ ನೋಡಿದರೆ ಮಿಸ್ತ್ರಿ ಹೆಗಲ ಮೇಲಿನ ಕಂಬಳಿಯನ್ನೂ ತೆಗೆಯದೆ ಬಶಿ ಹಿಡಿದು ನಿಂತಿದ್ದರು. ಮೈಯಿಂದ ಕುರಿಯ ವಾಸನೆ.

"ಯಾರ್ ಕೈ ಹಚ್ಯಾರ?"

ಹೇಳಿದೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಗುಂಡಿಗೆ ಇಳಿದು ಗೇರ್‌ಬಾಕ್ಸಿನ ತಳದ ತಟ್ಟೆಯನ್ನು ಬಿಚ್ಚಿ ತಂದು ನನ್ನ ಮುಂದೆ ಇಟ್ಟರು. ಎಣ್ಣೆ ಸೋಸುವ ಜಾಲರಿಯ ಮೇಲೆ ಕಪ್ಪು ಕೆಸರು, ಕಾಡಿಗೆ ಮೆತ್ತಿದ ಹಾಗೆ. ಎಂಟು ವರ್ಷ ಮೂಲೆಮೂಲೆಗಳಲ್ಲಿ ಸುಮ್ಮನೆ ಕುಳಿತದ್ದನ್ನು ಮಷೀನು ಒಮ್ಮೆಲೇ ಎಬ್ಬಿಸಿತ್ತು, ಅದೆಲ್ಲ ಬಂದು ಜಾಲರಿಯ ಬಾಯಿ ಮುಚ್ಚಿತ್ತು. ಮೇಲಾಗಿ ಕಲಬುರಗಿಯವರು ತುಂಬಿದ ಎಣ್ಣೆಯೂ ಕಡಿಮೆ. ಎಂಜಿನ್ ಆಫ್ ಮಾಡಿ ಅಳೆದಿರಬೇಕು ಎಂದರು ಮಿಸ್ತ್ರಿ. ಎಂಜಿನ್ ನಿಂತಾಗ ಎಣ್ಣೆ ಕೆಳಗಿಳಿದು ತುಂಬಿದ ಹಾಗೆ ಕಾಣುತ್ತದೆ, ಓಡುವಾಗ ಎಲ್ಲ ಕಡೆ ಹರಡಿ ಸಾಲುವುದಿಲ್ಲ. ಬಿಸಿ ಮಾಡಿ, ಎಂಜಿನ್ ಓಡುವಾಗಲೇ ನೋಡಬೇಕು.

ಅವತ್ತು ಅವರು ಅಪರೂಪಕ್ಕೆ ನಾಲ್ಕು ಮಾತು ಹೆಚ್ಚು ಆಡಿದರು.

"ಕುರಿ ಬ್ಯಾಸಗಿ ತುಂಬ ಒಣಾ ಮೇವು ತಿಂದಿರ್ತಾವ್ರಿ. ಮಳಿ ಬಿದ್ದು ಹಸರಾತು ಅಂತ ಒಮ್ಮೆಲೇ ಬಿಟ್ರ ಹೊಟ್ಟಿ ತುಂಬ ತಿಂದು, ಉಬ್ಬಿ, ಮಧ್ಯಾಹ್ನಕ್ಕ ಬೀಳ್ತಾವ. ಮೊದ್ಲ ದಿನ ಒಂದ್ ತಾಸು ಬಿಡಬೇಕು. ಮರದಿನ ಎರಡು. ಹೊಟ್ಟಿಗಿ ರೂಢಿ ಆಗಬೇಕಲ್ರಿ. ಈ ಗಾಡಿ ಎಂಟ ವರ್ಷ ಸುಟ್ಟ ಎಣ್ಣಿ ಮ್ಯಾಲ ಬದುಕ್ಯಾದ. ಅದ್ಕ ಅರ್ಧ ಅರ್ಧ."

ನನಗೆ ತಲೆಗೆ ಸಿಟ್ಟು ಏರಿತು. ಇಷ್ಟು ಸರಳವಾದ ಮಾತು. ನಾಲ್ಕನೇ ಕ್ಲಾಸಿನ ಮಗುವಿಗೂ ತಿಳಿಯುವಂಥದ್ದು.

"ಇದನ್ನು ಮೊದಲ ದಿನವೇ ಹೇಳಿದ್ದರೆ ನಾನು ಕಲಬುರಗಿಗೆ ಹೋಗುತ್ತಲೇ ಇರಲಿಲ್ಲ, ಮಿಸ್ತ್ರಿ. ಯಾಕೆ ಹೇಳಲಿಲ್ಲ?"

ಅವರು ಜಾಲರಿಯನ್ನು ಪೆಟ್ರೋಲಿನಲ್ಲಿ ಅದ್ದುತ್ತಾ, "ನೀವು ಯಾವಾಗ ಮುಗೀತದ ಅಂತ ಕೇಳಿದ್ರಿ ಅಕ್ಕೋರ," ಎಂದರು.

ಅಷ್ಟೇ. ಚಾಚಾ ಆ ಕಡೆ ಮುಖ ತಿರುಗಿಸಿಕೊಂಡ.

ಮತ್ತೆ ಮೊದಲಿನಿಂದ ಶುರುವಾಯಿತು. ಜಾಲರಿ ಹೊಸದು, ಸರಿಯಾದ ಎಣ್ಣೆ, ತಿಂಗಳಿಗೊಮ್ಮೆ ಅರ್ಧ. ತಳದ ತಟ್ಟೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಇರುತ್ತದೆ, ಸವೆದ ಕಬ್ಬಿಣದ ಪುಡಿಯನ್ನು ಹಿಡಿಯಲು. ಪ್ರತಿ ಸಲ ಅದನ್ನು ತೆಗೆದು ಎರಡು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದರು. ಮೊದಲ ಸಲ, "ರವಾ ಅದ," ಎಂದರು. ಮೂರನೆಯ ಸಲ, "ಈಗ ಹಿಟ್ಟಾಗ್ಯಾದ," ಎಂದರು. ನುಣ್ಣಗಾದರೆ ಒಳ್ಳೆಯದಂತೆ. ಧಕ್ಕೆ ಪೂರ್ತಿ ನಿಂತಿತು. ಯಾದಗಿರಿಯಿಂದ ಸುರಪುರದವರೆಗೆ ಕಾರು ಒಂದು ಸದ್ದಿಲ್ಲದೆ ಹೋಗತೊಡಗಿತು.

"ಇನ್ನು ಗುಡ್ಡ ಹತ್ತಬಹುದಲ್ಲ?" ಎಂದು ಕೇಳಿದೆ.

"ಗುಡ್ಡಕ್ಕ ಇನ್ನಾ ಬ್ಯಾಡ್ರಿ."

"ಯಾವಾಗ?" ಎಂದವಳು ನಾಲಿಗೆ ಕಚ್ಚಿಕೊಂಡು, "ಯಾಕೆ?" ಎಂದೆ.

ಅವರು ನನ್ನ ಕೈ ನೋಡಿದರು. ಏನೋ ಹೇಳಲು ಬಂದ ಹಾಗಿತ್ತು. ಆಮೇಲೆ ಬಶಿ ಒರೆಸುತ್ತಾ, "ನಾ ಹೇಳ್ತೀನ್ರಿ," ಎಂದರು.

ಪ್ರತಿ ಗುರುವಾರ ಶೆಡ್ಡಿನ ಮುಂದೆ ನಿಲ್ಲಿಸುತ್ತಿದ್ದೆ. ಅವರು ಪಕ್ಕದಲ್ಲಿ ಕುಳಿತು, "ಮುಂದ ತಗೋರಿ. ಹಿಂದ ತಗೋರಿ," ಎನ್ನುತ್ತಿದ್ದರು. ಕಣ್ಣು ಮುಚ್ಚಿಯೇ. ಒಂದೆರಡು ಸಲ, "ಜರಾ ತಡ್ಕೋರಿ ಅಕ್ಕೋರ," ಎಂದದ್ದು ನೆನಪಿದೆ. ಕಾರಿಗೆ ಹೇಳಿದ ಹಾಗೆ ಮೆಲ್ಲಗೆ. ನಾನು ಗಡಿಯಾರ ನೋಡುತ್ತಿದ್ದೆ. ಇಳಿಯುವಾಗ ಅದೇ ಮಾತು: "ಇನ್ನಷ್ಟ ದಿನ ಹೋಗ್ಲಿ."

ಎಂಟು ತಿಂಗಳು ಕಾರನ್ನು ಗುಡ್ಡದ ಕೆಳಗೆ ಬೇವಿನ ಗಿಡದ ನೆರಳಲ್ಲಿ ನಿಲ್ಲಿಸಿ ನಡೆದು ಹತ್ತಿದೆ. ಆಟೋದವರು ಆ ಏರಿಗೆ ಬರಲು ಮೂಗು ಮುರಿಯುತ್ತಾರೆ. ಬೇಸಿಗೆಯ ಬಿಸಿಲಿಗೆ ಬಂಡೆಗಳು ಕಾದ ಹಂಚಿನ ಹಾಗಿರುತ್ತವೆ. ನಾಲ್ಕು ಕಡೆ ನಿಂತು, ಒಂದು ಕಡೆ ಕುಳಿತು, ಮೇಲೆ ಹೋಗುವಷ್ಟರಲ್ಲಿ ಕ್ಲಾಸಿನ ಕಾಲು ತಾಸು ಹೋಗಿರುತ್ತಿತ್ತು. ಶನಿವಾರದ ಕ್ಲಾಸನ್ನು ಬಿಟ್ಟೆ. ಮೊಣಕಾಲು ವಾರಕ್ಕೆ ಒಂದೇ ಗುಡ್ಡ ಎಂದಿತು. ವಾರ್ಡನ್, ನಯವಾದ ಹೆಣ್ಣುಮಗಳು, "ಮಿಸ್, ತೊಂದ್ರಿ ಆದ್ರ ಬಿಡ್ರಿ, ನಾವೇನ್ ಅನ್ಕೊಳ್ಳಂಗಿಲ್ಲ," ಎಂದಳು. ಅನ್ನುವ ಕಾಲ ಹತ್ತಿರ ಬಂದಿದೆ ಎಂದು ನನಗೆ ತಿಳಿಯಿತು.

ಅಷ್ಟರಲ್ಲಿ ಮಿಸ್ತ್ರಿ ಹೋಗಿಬಿಟ್ಟರು. ಕಾಲುವೆಯ ಕೆಳಗಿನ ಗದ್ದೆಯಲ್ಲಿ, ಹಾಡೇಹಗಲು, ಕುರಿಗಳ ನಡುವೆ. ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲವಂತೆ. ಚಾಚಾ ಫೋನಿನಲ್ಲಿ ಹೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು, ದೇವರೇ ಕ್ಷಮಿಸಬೇಕು, 'ಗುಡ್ಡಕ್ಕೆ ಯಾವಾಗ ಎಂದು ಇನ್ನು ಯಾರು ಹೇಳುತ್ತಾರೆ' ಎಂಬುದು.

ಕಲಬುರಗಿಗೆ ಮತ್ತೆ ಹೋಗುವ ಧೈರ್ಯವಿರಲಿಲ್ಲ. ಯಾದಗಿರಿಯ ಇಬ್ಬರು ಮೆಕ್ಯಾನಿಕ್ಕರನ್ನು ಕೇಳಿದೆ. ಒಬ್ಬ, "ಮಾರಿಬಿಡ್ರಿ ಮೇಡಂ," ಎಂದ. ಇನ್ನೊಬ್ಬ ಎಂಜಿನ್ ಆಫ್ ಮಾಡಿ ಕಡ್ಡಿ ಎಳೆಯಲು ಹೋದ. ಬಾನೆಟ್ ಮುಚ್ಚಿ ಬಂದೆ.

ಹದಿನೈದು ದಿನ ಬಿಟ್ಟು ಹತ್ತಿಕುಣಿಯ ಕಡೆಗಿನ ಅವರ ಮನೆಗೆ ಹೋದೆ. ಮಾತನಾಡಿಸಿ ಬರಲು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಕಾರಿನ ಬಗ್ಗೆ ಏನಾದರೂ ಹೇಳಿದ್ದರೇ ಎಂದು ಕೇಳಲು ಹೋದದ್ದು. ಸಾವಿನ ಮನೆಗೆ ಇಂಥ ಮಾತು ಹಿಡಿದು ಹೋಗುವುದು ಎಷ್ಟು ಕೀಳೆಂದು ದಾರಿಯುದ್ದಕ್ಕೂ ಗೊತ್ತಿತ್ತು.

ಅವರ ಹೆಂಡತಿ ಅಂಗಳದಲ್ಲಿ ಕಂಬಳಿ ಹಾಸಿ ಕುಳಿತಿದ್ದರು. ನನ್ನ ಕಾಲು ನೋಡಿಯೇ ಗುರುತು ಹಿಡಿದರು.

"ಯಾದಗಿರಿ ಅಕ್ಕೋರೇನ್ರಿ? ನಿಮಗ ಕೆಳಗ ಕೂಡಾಕ ಬರಂಗಿಲ್ಲ ಅಂತಿದ್ರು." ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿದರು. ನಾನು ಮೇಲೆ, ಅವರು ಕೆಳಗೆ. ಆ ಕುರ್ಚಿಯಲ್ಲಿ ಕೂತದ್ದಕ್ಕೆ ಇನ್ನೂ ಮುಜುಗರವಿದೆ.

ಆಡಬೇಕಾದ ಮಾತುಗಳನ್ನು ಆಡಿದೆ. ಅವರು ಅಳಲಿಲ್ಲ. ಕುರಿಯ ಲೆಕ್ಕ ತಪ್ಪಿದೆ, ತಮ್ಮಂದಿರು ಅಣ್ಣನಿಲ್ಲದೆ ದಾರಿ ತಪ್ಪಿದ ಹಾಗೆ ಕೂತಿದ್ದಾರೆ ಎಂದರು. ಆಮೇಲೆ ಅವರೇ ಕೇಳಿದರು.

"ಗಾಡಿ ಗುಡ್ಡ ಹತ್ತಿತೇನ್ರಿ?"

"ಇಲ್ಲಮ್ಮ. ಹತ್ತಬೇಡಿ ಅಂದಿದ್ದರಲ್ಲ, 'ನಾ ಹೇಳ್ತೀನಿ' ಅಂತ. ಹೇಳಲೇ ಇಲ್ಲ."

"ಗಾಡಿ ದೀಪಾವಳಿ ಮೊದ್ಲೇ ಆರಾಮ ಆಗ್ಯಾದ ಅಂದಿದ್ರಲ್ರಿ."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. "ಯಾರು ಅಂದರು?"

"ಅವರೇ. ಉಣ್ಣಾಕ ಕುಂತಾಗ ಅಂದ್ರು. ಅಕ್ಕೋರ ಗಾಡಿ ಆರಾಮ ಆತು, ಅಕ್ಕೋರ ಕೈ ಇನ್ನಾ ಆರಾಮ ಆಗಿಲ್ಲ ಅಂದ್ರು."

"ನನ್ನ ಕೈಗೆ ಏನಾಗಿದೆ?"

"ಅವಸರ ಅದ ಅಂತ್ರಿ." ಅವರು ತಮ್ಮ ಕೈಯನ್ನು ಗೇರ್ ಹಿಡಿದವರಂತೆ ಮುಂದೆ ಹಿಂದೆ ಆಡಿಸಿ ತೋರಿಸಿದರು. ಆ ಹೆಂಗಸು ಕಾರಿನಲ್ಲಿ ಕೂತವರೋ ಇಲ್ಲವೋ. "ಗಾಡಿ ಇನ್ನಾ ಹಿಂದ ಹೊಂಟಿರ್ತದ, ನಿಂತಿರಂಗಿಲ್ಲ, ಅಷ್ಟರಾಗ ಅಕ್ಕೋರು ಮುಂದಿನ ಗೇರು ಹಾಕ್ತಾರ. ಗೇರು ಒಳಗ ಹಿಡ್ಕೊಳ್ಳೋತನಾ ತಡಿಯಂಗಿಲ್ಲ, ಅಷ್ಟರಾಗ ಒತ್ತತಾರ. ಸಪಾಟ ರಸ್ತ್ಯಾಗ ನಡೀತದ, ಗುಡ್ಡದ ಮ್ಯಾಲ ಹಿಂಗ ಮಾಡಿದ್ರ ಮತ್ತ ಒಳಗ ಸುಡ್ತದ, ಈ ಸಲ ಸುಟ್ರ ನನ್ನ ಕೈಲೂ ಆಗಂಗಿಲ್ಲ ಅಂತಿದ್ರು."

"ಹಾಗಂತ ನನಗೆ ಹೇಳಬೇಕಿತ್ತಲ್ಲಮ್ಮ."

"ನಾನೂ ಅದೇ ಅಂದೀನ್ರಿ. ಹೇಳಾಕೇನು ಧಾಡಿ ಅಂದೆ. 'ನಾ ಐದನೇತ್ತಕ್ಕ ಸಾಲಿ ಬಿಟ್ಟಾಂವ, ಅಕ್ಕೋರಿಗಿ ನಿಮಗ ಬರಂಗಿಲ್ಲ ಅಂತ ಹ್ಯಾಂಗ ಹೇಳ್ಲಿ' ಅಂದ್ರು. ಬಾಜೂಕ ಕುಂತು ಕುಂತು ತಾನೇ ರೂಢಿ ಆಗ್ತದ, ಆಗ ಹತ್ರಿ ಅಂತೀನಿ ಅಂದ್ರು."

ನನ್ನ ಹಳೆಯ ಎಣ್ಣೆಗೆ ಮಾಡಿದ ಹಾಗೆಯೇ ನನಗೂ ಮಾಡಿದ್ದರು, ಸ್ವಲ್ಪ ಸ್ವಲ್ಪವಾಗಿ, ನನಗೆ ತಿಳಿಯದ ಹಾಗೆ. ಇದನ್ನು ಮರ್ಯಾದೆ ಎನ್ನುತ್ತಾರೆ ನಮ್ಮ ಊರಿನಲ್ಲಿ. ಕಂಟ್ರಾಕ್ಟರನ ಮುಖಕ್ಕೆ ಹೊಡೆದ ಹಾಗೆ ಮಾತನಾಡುತ್ತಿದ್ದ ಮನುಷ್ಯನಿಗೆ ಒಬ್ಬ ರಿಟೈರ್ಡ್ ಟೀಚರಿಗೆ 'ನೀವು ತಪ್ಪು ಮಾಡುತ್ತಿದ್ದೀರಿ' ಎನ್ನಲು ಬಾಯಿ ಬರಲಿಲ್ಲ. ಮೂವತ್ತಾರು ವರ್ಷ ಸಾವಿರ ಸಲ 'ರಾಂಗ್, ಡು ಇಟ್ ಅಗೇನ್' ಎಂದವಳು ನಾನು. ನನಗೆ ಯಾರಾದರೂ ಒಮ್ಮೆ ಹಾಗೆ ಹೇಳಿದ್ದರೆ ಸತ್ತುಹೋಗುತ್ತಿದ್ದೆನೇ?

ಸಿಟ್ಟು ಮಾಡುತ್ತಿದ್ದೆ, ನಿಜ. ಅದೂ ಅವರಿಗೆ ಗೊತ್ತಿತ್ತು.

ಹೊರಡುವಾಗ ಆಕೆ ಕಾರಿನವರೆಗೆ ಬಂದರು. ನಾನು ಹಿಂದಕ್ಕೆ ತೆಗೆದು ಮುಂದಕ್ಕೆ ತಿರುಗಿಸುವುದನ್ನು ಬಾಗಿಲ ಪಕ್ಕದಲ್ಲಿ ನಿಂತು ನೋಡಿದರು. ಕೈ ತಾನಾಗಿಯೇ ಅವಸರ ಮಾಡಿತು. ಒಳಗೆ 'ಡಬ್' ಎಂದಿತು. ಎಂಟು ತಿಂಗಳಿನಿಂದ ಇದ್ದ ಆ ಸದ್ದು ನನಗೆ ಆವತ್ತು ಮೊದಲ ಸಲ ಕೇಳಿಸಿತು. ಆಕೆ ಏನೂ ಅನ್ನಲಿಲ್ಲ, ನಮಸ್ಕಾರ ಮಾಡಿದರು. ಆ ಮನೆಯವರೆಲ್ಲ ಒಂದೇ.

ನಾಲ್ಕು ದಿನ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಅಭ್ಯಾಸ ಮಾಡಿದೆ. ಬ್ರೇಕ್ ಒತ್ತು. ಕಾರು ಪೂರ್ತಿ ನಿಲ್ಲಲಿ. ಗೇರ್ ಹಾಕು. ಸುಮ್ಮನಿರು. ಒಳಗೆ ಎಣ್ಣೆ ಹೋಗಿ ಹಿಡಿದುಕೊಳ್ಳುವುದು ಸೀಟಿನ ಮೂಲಕ ಬೆನ್ನಿಗೆ ತಿಳಿಯುತ್ತದೆ, ಯಾರೋ ಮೆಲ್ಲಗೆ ಕೈ ಹಿಡಿದ ಹಾಗೆ. ಆಮೇಲೆ ಬ್ರೇಕ್ ಬಿಡು. ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಎದುರು ಮನೆಯವರು ಗೇಟಿನಲ್ಲಿ ನಿಂತು, "ಮಿಸ್ಸಿಗೆ ಏನಾಗ್ಯಾದ," ಎಂದು ಮಾತಾಡಿಕೊಂಡರು.

ಕಳೆದ ಗುರುವಾರ ಸುರಪುರಕ್ಕೆ ಹೋದೆ. ಬೇವಿನ ಗಿಡದ ಹತ್ತಿರ ನಿಲ್ಲಿಸಿದೆ, ಪೂರ್ತಿಯಾಗಿ. ಗೇರನ್ನು ಏರಿಗೆ ಬೇಕಾದ ಕೆಳಗಿನ ಹಂತಕ್ಕೆ ತಂದೆ. ತಡೆದುಕೊಂಡೆ. ಹಿಡಿಯಿತು. ಬ್ರೇಕ್ ಬಿಟ್ಟು ಮೆಲ್ಲಗೆ ಒತ್ತಿದೆ. ಹುಡುಗಿಯರು ಕಲ್ಲು ಇಟ್ಟಿದ್ದ ತಿರುವು ಬಂತು, ಕಾರು ಒಂದೇ ದನಿಯಲ್ಲಿ ಹತ್ತಿತು, ಕೂಗಲಿಲ್ಲ, ಜಾರಲಿಲ್ಲ. ಹಾಸ್ಟೆಲ್ಲಿನ ಗೇಟಿನೊಳಗೆ ಹೋಗಿ ನಿಂತಿತು.

ಗಡಿಯಾರ ನೋಡಿದೆ. ಕ್ಲಾಸಿಗೆ ಇನ್ನೂ ಹತ್ತು ನಿಮಿಷ ಇತ್ತು. ಹುಡುಗಿಯರು ಚಪ್ಪಾಳೆ ತಟ್ಟುತ್ತಾ ಬಂದು ಬಾಗಿಲು ತೆರೆದರು. "ಗೆಟ್ ಡೌನ್, ಮಿಸ್," ಎಂದಳೊಬ್ಬಳು. ಶನಿವಾರವೂ ಬರುತ್ತೇನೆಂದು ವಾರ್ಡನ್‌ಗೆ ಹೇಳಿ ಬಾ ಎಂದು ಅವಳನ್ನು ಕಳಿಸಿದೆ. ಉಳಿದವರಿಗೆ ಒಳಗೆ ಹೋಗಿ ಕುಳಿತುಕೊಳ್ಳಿ ಎಂದೆ. ಬಾಗಿಲು ಎಳೆದುಕೊಂಡೆ. ಎಂಟು ತಿಂಗಳು, ಮಿಸ್ತ್ರಿ, ಈ ಮೊಣಕಾಲಿನಲ್ಲಿ. ಒಂದು ಮಾತು ಹೇಳಬಾರದಿತ್ತೇ. ಎಂಜಿನ್ ಓಡುತ್ತಲೇ ಇತ್ತು, ಹತ್ತು ನಿಮಿಷವೂ ಮುಗಿಯಿತು, ಒಳಗಿನಿಂದ ಹುಡುಗಿಯರ ಗದ್ದಲ ಕೇಳಿಸತೊಡಗಿತು. ನನ್ನ ಬೈಗುಳ ಇನ್ನೂ ಮುಗಿದಿರಲಿಲ್ಲ.